ಕೊನೆಗೆ ಏನು ತಿಂದಿರಿ?

ತಾರೀಖು ೨, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿಗೆ,

ಕಳೆದ ತಿಂಗಳ ಹದಿನಾರನೇ ತಾರೀಖು, ಗುರುವಾರ, ಆರೋಗ್ಯಾಧಿಕಾರಿಯಾಗಿ ನೀನು ಸಹಿ ಮಾಡಿದ ಎರಡು ಪುಟದ ವರದಿ ನಿನ್ನ ಅತ್ತಿಗೆಯ ತಲೆಯ ಮೇಲೆ ಒಬ್ಬ ಮನುಷ್ಯನ ಸಾವನ್ನು ಹೊರಿಸಿತು. ಆ ವರದಿ ತಪ್ಪು. ಮರುದಿನದ ಪತ್ರಿಕೆ ಅದನ್ನು ಮೊದಲ ಪುಟದಲ್ಲೇ ಹಾಕಿತು.

ಹೇಗಿದ್ದೀಯ ಎಂದು ಕೇಳದೆ ಹೀಗೆ ಶುರು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯುವುದು ಹದಿನೇಳು ದಿನ ತಡವಾಯಿತು. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ನಿನ್ನ ಕಚೇರಿಗೆ ಫೋನ್ ಮಾಡಿದರೆ ಗುಮಾಸ್ತ ಎತ್ತಿಕೊಂಡು, "ಮೇಡಂ ಮೀಟಿಂಗಲ್ಲಿದಾರೆ, ತಾವು ಯಾರು?" ಅಂದ. "ಅವರ ಅಣ್ಣ" ಅಂದೆ. "ಯಾವ ಅಣ್ಣ?" ಅಂತ ಕೇಳಿದ. ನಿನಗಿರುವುದೇ ಒಬ್ಬ ಅಂತ ಅವನಿಗೆ ಹೇಳಿಡು.

ನಿನ್ನ ನಿಷ್ಠುರತೆಯ ಬಗ್ಗೆ ನನ್ನ ತಕರಾರಿಲ್ಲ. ಅವಳು ಡಬ್ಬಿ ಊಟ ಮಾಡಿ ಕಳಿಸುವ ಅಡುಗೆಮನೆಗೆ ಬೀಗಮುದ್ರೆ ಬಿದ್ದ ದಿನ, "ಅತ್ತಿಗೆ ಅಂತ ಬಿಟ್ರೆ ನಾಳೆ ಜನ ಏನಂತಾರೆ ಅಣ್ಣಾ?" ಅಂದೆಯಲ್ಲ, ಆ ಮಾತಿಗೆ ಆವತ್ತೂ ತಲೆಬಾಗಿದೆ, ಇವತ್ತೂ ಬಾಗುತ್ತೇನೆ. ಸಂಬಂಧ ನೋಡಬೇಡ. ಲೆಕ್ಕವನ್ನು ಮಾತ್ರ ಇನ್ನೊಮ್ಮೆ ನೋಡು.

ಆರನೇ ತಾರೀಖು, ಸೋಮವಾರ, ನಮ್ಮ ಮುದ್ರಣಾಲಯಕ್ಕೆ ಹೊಸ ಯಂತ್ರ ಬಂತೆಂದು ಮಾಲೀಕರು ಎಲ್ಲರಿಗೂ ಮಧ್ಯಾಹ್ನದ ಊಟ ಹಾಕಿಸಿದರು. ಮಾಡಿದ್ದು ದೊಡ್ಡ ಅಡುಗೆ ಕಂಟ್ರಾಕ್ಟರು. ಕೊನೆಯಲ್ಲಿ ಮೊಟ್ಟೆ ಹಾಕಿದ ಪುಡಿಂಗ್ ಕೊಟ್ಟರು. ಮಂಗಳವಾರ ಸಂಜೆಯೇ ಇಬ್ಬರು ಮೂವರಿಗೆ ಚಳಿ ಹಿಡಿದಿತ್ತು. ಹವೆ ಬದಲಾಗಿದ್ದಕ್ಕೆಂದು ಯಾರೂ ಬಾಯಿ ಬಿಡಲಿಲ್ಲ. ಬುಧವಾರ ಒಂದು ಗಂಟೆಗೆ ಎಂದಿನಂತೆ ನಿನ್ನ ಅತ್ತಿಗೆಯ ಇಪ್ಪತ್ತೆರಡು ಡಬ್ಬಿಗಳು ಬಂದವು. ಅನ್ನ, ಬೇಳೆ, ಬೀನ್ಸು. ಮೂರು ಗಂಟೆಗೆ ಜನ ಹೊಟ್ಟೆ ಹಿಡಿದುಕೊಂಡು ಬೀಳತೊಡಗಿದರು. ಸಂಜೆಯೊಳಗೆ ಹದಿನೇಳು ಮಂದಿ ಆಸ್ಪತ್ರೆಯ ಪಡಸಾಲೆಯಲ್ಲಿದ್ದರು.

ನಿನ್ನ ವರದಿ ಹೇಳುವುದು ಇಷ್ಟೇ: ಹನ್ನೆರಡು ಮಂದಿ ಡಬ್ಬಿಯ ಊಟ ಮಾಡಿದ್ದರು, ಎರಡು ಗಂಟೆಯೊಳಗೆ ಕಾಯಿಲೆ ಬಿದ್ದರು, ಆದ್ದರಿಂದ ಡಬ್ಬಿಯೇ ಕಾರಣ. ಉಳಿದ ಐವರು? ಅವರು ಎರಡನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದಾರೆ, "ಇತರ ಕಾರಣ" ಎಂದು. ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ತಪ್ಪು ಯಾವಾಗಲೂ ಸಣ್ಣ ಅಕ್ಷರದಲ್ಲೇ ಅಡಗಿ ಕೂರುತ್ತದೆ.

ಆ ಐವರ ಮನೆಗೂ ಹೋಗಿ ಬಂದೆ. ಬುಧವಾರ ಅವರೆಲ್ಲ ಮನೆಯಿಂದ ಬುತ್ತಿ ತಂದಿದ್ದವರು. ಅತ್ತಿಗೆಯ ಕೈಯಡುಗೆಯ ಒಂದು ಅಗುಳೂ ಮುಟ್ಟಿಲ್ಲ. ಆದರೆ ಸೋಮವಾರದ ಪುಡಿಂಗ್ ತಿಂದಿದ್ದರು. ಹದಿನೇಳಕ್ಕೆ ಹದಿನೇಳು ಮಂದಿಯೂ ತಿಂದಿದ್ದರು! ಸೋಮವಾರ ರಜೆಯಲ್ಲಿದ್ದು ಬುಧವಾರ ಡಬ್ಬಿ ಊಟ ಮಾಡಿದ ನಾಲ್ವರು ಗುಂಡುಕಲ್ಲಿನಂತಿದ್ದಾರೆ. ಮೊಟ್ಟೆ ಮುಟ್ಟದ ಇಬ್ಬರಿಗೂ ಏನೂ ಆಗಿಲ್ಲ. ಸಕ್ಕರೆ ಕಾಯಿಲೆಯಿಂದ ಪುಡಿಂಗ್ ಮುಟ್ಟದ ನಾನೂ ಡಬ್ಬಿಯ ಊಟವನ್ನೇ ಮಾಡಿ ಚೆನ್ನಾಗಿದ್ದೇನೆ. ಬೈಂಡಿಂಗ್ ವಿಭಾಗದ ಹೆಂಗಸು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದಳು: "ಎರಡು ಬಟ್ಟಲು ಹೊಡ್ದೆ ಸರ್. ಮಾಲೀಕರು ಕೊಡ್ಸೋದು ಹತ್ತು ವರ್ಷಕ್ಕೊಂದ್ಸಲ, ಬಿಡಕ್ಕಾಗತ್ತಾ?" ನಕ್ಕಳು, ಆಮೇಲೆ ಹೊಟ್ಟೆ ಒತ್ತಿಕೊಂಡಳು. ಪುಡಿಂಗನ್ನು ಭಾನುವಾರ ಸಂಜೆಯೇ ಮಾಡಿ ತಂದಿದ್ದರಂತೆ. ಫ್ರಿಜ್ಜಿನ ತುಂಬ ತಂಪು ಪಾನೀಯದ ಬಾಟಲಿ ಇದ್ದುದರಿಂದ ರಾತ್ರಿಯೆಲ್ಲ ಅದು ಕಾಗದದ ಗೋದಾಮಿನ ಮೇಜಿನ ಮೇಲಿತ್ತು. ನಮ್ಮ ಕಾವಲುಗಾರನೇ ಬಾಗಿಲು ತೆರೆದುಕೊಟ್ಟವನು. ನಿನ್ನ ಇಲಾಖೆಯವರು ಅವನನ್ನು ಒಂದು ಮಾತೂ ಕೇಳಿಲ್ಲ.

ವಾರ್ಡಿನ ಡಾಕ್ಟರಮ್ಮನ ಮುಂದೆ ಈ ಪಟ್ಟಿ ಇಟ್ಟೆ. ವಯಸ್ಸಿನಲ್ಲಿ ಚಿಕ್ಕವರು, ಮಾತು ಖಡಕ್ಕು. "ಎರಡೇ ಗಂಟೇಲಿ ಬರೋ ಜಾತಿ ಬೇರೆ ಸರ್. ಕ್ರಿಮಿ ಆಹಾರದಲ್ಲೇ ವಿಷ ಬಿಟ್ಟಿರತ್ತೆ. ಅರ್ಧ ಗಂಟೆಯಿಂದ ಆರೆಂಟು ಗಂಟೆ ಒಳಗೆ ವಾಂತಿ ಶುರು. ಸಾಮಾನ್ಯವಾಗಿ ಜ್ವರ ಇರಲ್ಲ, ಒಂದು ದಿನದಲ್ಲಿ ಇಳಿಯತ್ತೆ. ಇವ್ರಿಗೆ ಜ್ವರ ಇದೆ, ಭೇದೀಲಿ ರಕ್ತ ಇದೆ. ಇದು ಹೊಟ್ಟೆಗೆ ಹೋಗಿ ಬೆಳೆಯೋ ಕ್ರಿಮಿ. ಅರ್ಧ ದಿನದಿಂದ ಮೂರು ದಿನ ಬೇಕು, ಕೆಲವರಿಗೆ ಆರು ದಿನ. ಇನ್ನೂ ಕೆಲವು ಕ್ರಿಮಿಗಳು ವಾರಗಟ್ಟಲೆ ತಗೊಳ್ತವೆ." "ಹಾಗಾದ್ರೆ ಕೊನೆಯ ಊಟಾನೇ ಯಾಕೆ ಹಿಡ್ಕೊಂಡ್ರು?" ಅಂದೆ. "ಎಲ್ಲರೂ ಅದನ್ನೇ ಹಿಡ್ಕೊಳ್ಳೋದು. ಬಾಯಲ್ಲಿ ಅದರ ರುಚಿ ಇನ್ನೂ ಇರತ್ತಲ್ಲ!" ಅಂದರು.

ಆಸ್ಪತ್ರೆಯಲ್ಲಿ ತುಂಬುವ ಫಾರಂ ನಿನ್ನ ಇಲಾಖೆಯದೇ. ಅದರಲ್ಲಿ ಊಟದ ಬಗ್ಗೆ ಒಂದೇ ಪ್ರಶ್ನೆ: ಕೊನೆಗೆ ಏನು ತಿಂದಿರಿ? ಉತ್ತರಕ್ಕೆ ಒಂದೇ ಗೆರೆ. ಹಿಂದಿನ ಒಂದು ವಾರ ಎಲ್ಲೆಲ್ಲಿ ಏನೇನು ತಿಂದಿರಿ, ಜೊತೆಯಲ್ಲಿ ಯಾರಿದ್ದರು, ಉಳಿದದ್ದನ್ನು ಎತ್ತಿಟ್ಟಿದ್ದೀರಾ ಎಂದು ಕೇಳಬೇಕಿತ್ತು. ಪುಡಿಂಗಿನ ಪಾತ್ರೆ ಸೋಮವಾರ ಸಂಜೆಯೇ ತೊಳೆದು ಹೋಯಿತು. ಅತ್ತಿಗೆಯ ಡಬ್ಬಿಗಳನ್ನು ಮಾತ್ರ ನಿಮ್ಮವರು ಚೀಲದಲ್ಲಿ ಹಾಕಿಕೊಂಡು ಹೋದರು. ಪರೀಕ್ಷೆಯಲ್ಲಿ ಏನು ಸಿಕ್ಕಿತೆಂದು ಇವತ್ತಿನವರೆಗೂ ಹೇಳಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ನೀನು ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯ ಮಕ್ಕಳೆಲ್ಲ ವಾಂತಿ ಮಾಡಿಕೊಂಡರು. ಗೇಟಿನ ಹತ್ತಿರ ಕಲ್ಲಂಗಡಿ ಮಾರುತ್ತಿದ್ದ ಹೆಂಗಸಿನ ಬುಟ್ಟಿಯನ್ನು ಜನ ಒದ್ದರು. ತಿಂಗಳಾದ ಮೇಲೆ ನೀರಿನ ತೊಟ್ಟಿಯಲ್ಲಿ ಸತ್ತ ಪಾರಿವಾಳಗಳು ಸಿಕ್ಕವು. ಅಷ್ಟರಲ್ಲಿ ಆ ಹೆಂಗಸು ಊರು ಬಿಟ್ಟಾಗಿತ್ತು. ಆವತ್ತು ನೀನು ಅಪ್ಪನ ಮುಂದೆ ನಿಂತು, "ಅವಳ ಹತ್ರ ಯಾರು ಸಾರಿ ಕೇಳ್ತಾರೆ?" ಅಂತ ಅತ್ತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಈಗ ದಪ್ಪಕ್ಷರನ ವಿಷಯ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ನನ್ನ ಜೊತೆಗಿದ್ದವನು. ಅವನು ಮಾತಾಡಿದರೆ ಮೂರು ಕೋಣೆಗೆ ಕೇಳುತ್ತಿತ್ತು; ಅದಕ್ಕೇ ಆ ಹೆಸರು. ಅರವತ್ತೆಂಟು ವಯಸ್ಸಿಗೂ ಸಿಹಿಯೆಂದರೆ ಪ್ರಾಣ. ಬುಧವಾರ ಜ್ವರಕ್ಕೆ ಮಾತ್ರೆ ನುಂಗಿ ಬಂದಿದ್ದರಿಂದ ಮೈ ತಣ್ಣಗಿತ್ತು. ಗುರುವಾರ ಬೆಳಿಗ್ಗೆ ಪಾಳಿಯ ವೈದ್ಯರು ಫಾರಂ ನೋಡಿ, "ಎರಡು ಗಂಟೇದು, ತಾನೇ ಇಳಿಯತ್ತೆ, ಮನೇಗ್ ಹೋಗಿ" ಎಂದು ಕಳಿಸಿಬಿಟ್ಟರು. ಮನೆಯಲ್ಲಿ ನೀರು ಕುಡಿದರೆ ವಾಂತಿಯಾಗುತ್ತದೆಂದು ಮಗಳು ನೀರು ನಿಲ್ಲಿಸಿದಳು, ಭೇದಿ ಕಟ್ಟುವ ಮಾತ್ರೆ ಕೊಟ್ಟಳು. ಶುಕ್ರವಾರ ಸಂಜೆ ಮತ್ತೆ ಹೊತ್ತುಕೊಂಡು ಬಂದಾಗ ಅವನು ಮೂತ್ರ ಮಾಡಿ ಒಂದು ದಿನವಾಗಿತ್ತು. ಡಾಕ್ಟರಮ್ಮ ತಲೆ ಚಚ್ಚಿಕೊಂಡರು: "ಸಕ್ಕರೆ ಉಪ್ಪಿನ ಪುಡಿ ಕಲಸಿದ ನೀರು ಐದೈದು ನಿಮಿಷಕ್ಕೆ ಒಂದೊಂದು ಚಮಚ ಕೊಡ್ಬೇಕಿತ್ತಮ್ಮ. ವಾಂತಿಯಾದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡ್ಬೇಕು. ರಕ್ತ, ಜ್ವರ ಇರೋವಾಗ ಆ ಮಾತ್ರೆ ಕೊಡ್ಲೇಬಾರ್ದು. ಬಾಯಿ ಒಣಗಿ, ತಲೆ ಸುತ್ತಿ, ಮೂತ್ರ ಕಮ್ಮಿ ಆದ್ರೆ ಆ ಕ್ಷಣಾನೇ ಕರ್ಕೊಂಡು ಬರ್ಬೇಕು. ಅದ್ರಲ್ಲೂ ವಯಸ್ಸಾದೋರು, ಮಕ್ಕಳು, ಬಸುರೀರು." ಮಗಳು ಕೇಳಿದ್ದು ಒಂದೇ ಮಾತು: "ಇದನ್ನ ನಿನ್ನೆ ಯಾಕ್ ಯಾರೂ ಹೇಳ್ಲಿಲ್ಲ?" ಹನ್ನೊಂದನೇ ತಾರೀಖು ಶನಿವಾರ ಅವನು ಹೋದ.

ಅತ್ತಿಗೆಯನ್ನು ನೀನು ಬಂದು ನೋಡಬೇಕು. ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಎದ್ದಿದೆ. "ಬೀನ್ಸ್ ಹೆಚ್ಚೋ ಮುಂಚೆ ಕೈ ತೊಳ್ದಿದ್ನಾ ರೀ? ತೊಳ್ದಿದ್ದೆ ಅನ್ಸತ್ತೆ. ಖಚಿತ ಇಲ್ಲ ಕಣ್ರೀ," ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಾನು ತಂದ ಬ್ರೆಡ್ಡನ್ನೂ ಮೊದಲು ತಾನು ಒಂದು ಚೂರು ತಿಂದು, ಎರಡು ಗಂಟೆ ಕಾದು, ತನಗೇನೂ ಆಗದಿದ್ದರೆ ನನಗೆ ಕೊಡುತ್ತಾಳೆ. ತಾನು ಆ ಚೂರಿನ ಮೇಲೆ ಮತ್ತೇನೂ ತಿನ್ನುವುದಿಲ್ಲ. ನಿನ್ನೆ ಸ್ನಾನದ ಮನೆಯಲ್ಲಿ ಬಿದ್ದಳು. ಪಟ್ಟಿ ತೋರಿಸಿದೆ, ಡಾಕ್ಟರಮ್ಮನ ಮಾತು ಹೇಳಿದೆ. "ನೀವು ಗಂಡ, ಹಾಗೇ ಹೇಳ್ತೀರಿ. ಅವಳು ಅಧಿಕಾರಿ. ಅವಳು ಸುಳ್ಳು ಬರೀತಾಳಾ?" ಅಂದಳು. ನನ್ನ ಮೇಲಿಲ್ಲದ ನಂಬಿಕೆ ಅವಳಿಗೆ ನಿನ್ನ ಮೇಲಿದೆ. ನೀನು ಬಾಯಿಬಿಟ್ಟು ಹೇಳದೆ ಅವಳು ಅನ್ನ ಮುಟ್ಟುವುದಿಲ್ಲ. ಅವಳು ಹೀಗೆ ಇನ್ನೆಷ್ಟು ದಿನ ತಾಳುತ್ತಾಳೋ ನನಗೆ ಗೊತ್ತಿಲ್ಲ ಕಣೇ. ನನಗೆ ಭಯವಾಗಿದೆ.

ಬರುವ ಬುಧವಾರ ಪುರಸಭೆಯ ಸಭಾಂಗಣದಲ್ಲಿ ಆರೋಗ್ಯ ಸಮಿತಿಯ ಬಹಿರಂಗ ಸಭೆ ಇದೆ. ಅವಳನ್ನು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ನೀನು ಚೆನ್ನಾಗಿರು. ನಿನ್ನ ಮಕ್ಕಳು ಚೆನ್ನಾಗಿ ಓದಲಿ. ಕೋಪದಲ್ಲಿ ಬರೆದಿದ್ದರೂ ಹಾರೈಕೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಿನ್ನ ಅಣ್ಣ

ಮತ್ತೊಂದು ಮಾತು: ಹರಿದು ಹಾಕಿದ ನಾಲ್ಕು ಪತ್ರಗಳಲ್ಲಿ ಇದು ಇರಲಿಲ್ಲ. ಇದನ್ನು ಬರೆಯಲಾಗದೆ ಅವನ್ನು ಹರಿದೆ.

ಆ ಹದಿನೇಳು ಫಾರಂಗಳನ್ನೂ ತುಂಬಿದವನು ನಾನು. ನರ್ಸಿಗೆ ಪುರುಸೊತ್ತಿರಲಿಲ್ಲ. "ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರ್ದುಬಿಡಿ" ಎಂದು ಕೈಗೆ ಕೊಟ್ಟಳು. ನನ್ನ ಕೈಬರಹ ನಿನಗೆ ಗೊತ್ತಾಗಿರಬೇಕು. ಬಹುಶಃ ಅದಕ್ಕೇ ನೀನು ಮರುಪ್ರಶ್ನೆ ಕೇಳದೆ ನಂಬಿದೆ. ಏಳನೆಯದು ದಪ್ಪಕ್ಷರನದು. ಅವನು ಹೇಳಿದ: "ಸೋಮವಾರದ ಆ ಪುಡಿಂಗು ಬೆಚ್ಚಗಿತ್ತು ಕಣಯ್ಯಾ, ತಣ್ಣಗಿರ್ಬೇಕಾದ್ದು. ಅದನ್ನೂ ಬರ್ಕೋ." ಬರೆದುಕೊಂಡೆ. ಆಮೇಲೆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಕೊನೆಯದನ್ನು ಮಾತ್ರ ಕೇಳಿದ್ದರು. "ಕೇಳಿದ್ದಕ್ಕಷ್ಟೇ ಉತ್ತರ ಹೇಳು ಮಾರಾಯ" ಎಂದು ಅವನಿಗೆ ಹೇಳಿ, ಆಗಲೇ ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಂಡತಿಯ ಡಬ್ಬಿಯನ್ನು ಬರೆದೆ. "ಸರಿ ಬಿಡು, ನೀನು ತಿದ್ದಿದ್ಮೇಲೆ ಮುಗೀತು" ಅಂತ ಅವನು ನಕ್ಕ. ಆ ಫಾರಂ ನೋಡಿಯೇ ಅವನನ್ನು ಮನೆಗೆ ಕಳಿಸಿದ್ದು. ಇದನ್ನು ಅತ್ತಿಗೆಗೆ ಇನ್ನೂ ಹೇಳಿಲ್ಲ. ಅವಳು ಹೊತ್ತಿರುವುದು ನನ್ನ ಹೊರೆ.

ಬುಧವಾರ ಆ ಏಳನೇ ಫಾರಂ ಸಭೆಗೆ ತಾ. ಅಡ್ಡಗೆರೆಯಡಿಯಲ್ಲಿ ಏನಿದೆಯೋ ಅದನ್ನು ಎಲ್ಲರಿಗೂ ಕೇಳುವಂತೆ ಓದು. ಎಳೆದವನು ನಾನೆಂದು ಎದ್ದು ನಿಂತು ಹೇಳುತ್ತೇನೆ, ನನ್ನ ಹೆಸರನ್ನೂ ಪತ್ರಿಕೆ ಮೊದಲ ಪುಟದಲ್ಲೇ ಹಾಕಲಿ. ಆಮೇಲೆ ನೀನು ಅವಳ ಮುಖ ನೋಡಿಕೊಂಡು, ಸಭೆಯ ಎದುರಿಗೇ ಉತ್ತರ ಕೊಡು: ಹನ್ನೆರಡು ಮಂದಿಯನ್ನು ಎಣಿಸಿದ ನಿನ್ನ ಇಲಾಖೆ ಉಳಿದ ಐವರ ಬಾಗಿಲನ್ನು ಯಾಕೆ ತಟ್ಟಲಿಲ್ಲ?