ದೇವರ ಹತ್ತಿರ ಚಾಡಿ

ತರಕಾರಿ ಮಂಡಿಯವರೆಲ್ಲ ‘ಗಂಟೆ’ ಎಂದು ಕರೆಯುವ ನನ್ನ ಮನೆಯವರಿಗೆ,

ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೀತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ ಎಂದುಕೊಳ್ಳಬೇಡಿ. ಬಾಯಲ್ಲಿ ಹೇಳಿದರೆ ನೀವು ಎದುರುತ್ತರ ಕೊಡಲಾರಿರಿ. ಹಾಗೆ ಗೆಲ್ಲುವುದು ನನ್ನ ಜಾಯಮಾನವಲ್ಲ. ಕಾಗದವಾದರೆ ನೀವೂ ಬರೆದು ಜಗಳಕ್ಕೆ ಬರಬಹುದು.

ಅಬ್ಬಾ, ನಿಮ್ಮದೆಂಥ ಗಂಟಲಾಗಿತ್ತು! ತರಕಾರಿ ಮಂಡಿಯಲ್ಲಿ ನೀವು ಹರಾಜು ಕೂಗಿದರೆ ಎರಡು ಬೀದಿ ಆಚೆ ನನಗೆ ಟೊಮೆಟೊ ಬೆಲೆ ಗೊತ್ತಾಗುತ್ತಿತ್ತು. ಆದರೆ ಅಷ್ಟು ದೊಡ್ಡ ಬಾಯಿಂದ ನನಗೆ ಒಂದೇ ಒಂದು ಪ್ರೀತಿಯ ಮಾತು ನೇರವಾಗಿ ಬಂದದ್ದಿಲ್ಲ. ಎಲ್ಲ ಸಂಜೆಯ ಪ್ರಾರ್ಥನೆಯಲ್ಲೇ. “ಜಗಳವಾಡಿದ ದಿನವೂ ಜೊತೆಯಲ್ಲೇ ಮೊಣಕಾಲೂರಿ” ಎಂದು ಚರ್ಚಿನಲ್ಲಿ ನಮ್ಮ ಮದುವೆ ಮಾಡಿಸಿದ ಪಾಲಕರು ಹೇಳಿದ್ದರು. ನಾವು ಅದನ್ನೇ ಪಂಚಾಯಿತಿ ಮಾಡಿಕೊಂಡೆವು. “ಕರ್ತನೇ, ಇವಳ ಕೋಪ ಸ್ವಲ್ಪ ಇಳಿಸಪ್ಪ” ಎನ್ನುತ್ತಿದ್ದಿರಿ ನೀವು. “ಕರ್ತನೇ, ಇವರಿಗೆ ಕಿವಿ ಅನ್ನೋದೊಂದಿದೆ ಅಂತ ನೆನಪಿಸು” ಎನ್ನುತ್ತಿದ್ದೆ ನಾನು. ಆಮೆನ್ ಎನ್ನುವ ಹೊತ್ತಿಗೆ ಇಬ್ಬರಿಗೂ ನಗು. “ಇವಳಿಲ್ದಿದ್ರೆ ನಂಗೆ ಮೂರು ಕಾಸಿನ ಬೆಲೆ ಇರ್ತಿರಲಿಲ್ಲ, ನಿಂಗೆ ಗೊತ್ತಲ್ಲಪ್ಪ” ಎಂದು ನೀವು ದೇವರಿಗೆ ಹೇಳುವುದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದು.

ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ನೀವು ಗೋಳಾಡಲಿಲ್ಲ. ಅದೇ ಮಂಡಿಗೆ ಹೋಗಿ ತಕ್ಕಡಿಯ ಹಿಂದೆ ನಿಂತಿರಿ. ನಿಮ್ಮ ಜಾಗಕ್ಕೆ ಬಂದವನಿಗೆ ಎಲ್ಲಿ ದನಿ ಏರಿಸಬೇಕು, ಎಲ್ಲಿ ದನಿ ತಡೆದು, ಕೊಳ್ಳಲು ಬಂದವರ ಮುಖ ನೋಡಬೇಕು ಎಂದು ಕೈಸನ್ನೆಯಲ್ಲೇ ಕಲಿಸಿದಿರಿ. ನಾನಾಗಿದ್ದರೆ ಹೊಟ್ಟೆ ಉರಿದು ಸಾಯುತ್ತಿದ್ದೆ. ನಿಮ್ಮನ್ನು ಕಂಡರೆ ನನಗೆ ಎಷ್ಟು ಹೆಮ್ಮೆ ಗೊತ್ತೇನ್ರೀ?

ಆದರೆ ಸಂಜೆಯಾದರೆ ಭಯವಾಗುತ್ತಿತ್ತು. ಚೀಟಿಯಲ್ಲಿ ನೀವು ಬರೆಯುವುದೆಲ್ಲ ಸೋಪು, ಬಲ್ಬು, ನೀರಿನ ಬಿಲ್ಲು. ಕಣ್ಣು ಮುಚ್ಚಿ ಮೊಣಕಾಲೂರಿದರೆ ಕೇಳುವುದು ನನ್ನ ದನಿಯೊಂದೇ. ನನ್ನ ವಿಷಯ ದೇವರಿಗೆ ಇನ್ನೂ ಹೇಳುತ್ತಿದ್ದೀರೋ, ಇಲ್ಲ ದನಿಯ ಜೊತೆ ಆ ಪ್ರೀತಿಯೂ ಹೋಯಿತೋ? ಕೇಳಲು ಧೈರ್ಯ ಬರಲಿಲ್ಲ. ಪ್ರಾರ್ಥನೆಯನ್ನೇ ಬೇಗ ಬೇಗ ಮುಗಿಸತೊಡಗಿದೆ.

ನಿನ್ನೆ ತಡೆಯಲಾಗದೆ ನಡುವೆ ಕಣ್ಣು ಬಿಟ್ಟೆ. ನೀವು ಆಗಲೇ ಕಣ್ಣು ತೆರೆದು ನನ್ನನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಿರಿ. ಸಿಕ್ಕಿಬಿದ್ದ ಕಳ್ಳನ ಹಾಗೆ ಒಂದು ಗಳಿಗೆ ನಿಂತಿತು ಆ ತುಟಿ. ಆಮೇಲೆ ನನಗೂ ತಿಳಿಯಲೆಂದು ತುಟಿಯಲ್ಲೇ ನಿಧಾನವಾಗಿ ಮತ್ತೆ ಹೇಳಿದಿರಿ: “ಕರ್ತನೇ, ನನ್ ಕೈಲಾಗಲ್ಲ. ಇವಳಿಗೆ ನೀನೇ ಹೇಳ್ಬಿಡಪ್ಪ.”

ಹೇಳಿದ, ಕಣ್ರೀ. ಕೇಳಿಸಿತು.

ಇವತ್ತಿನಿಂದ ನಾನು ಕಣ್ಣು ಮುಚ್ಚುವುದಿಲ್ಲ. ಪಾಲಕರು ಕೇಳಿದರೆ ಅವರಿಗೆ ನಾನೇ ಉತ್ತರ ಕೊಡುತ್ತೇನೆ.

ಕರ್ತನ ಸಮಾಧಾನ ನಿಮ್ಮೊಂದಿಗಿರಲಿ, ಜೊತೆಗೆ ನನ್ನ ಕಾಟವೂ ಬಹುಕಾಲ ಇರಲಿ.

ನಿಮ್ಮ ಎದುರಿಗೇ ಕೂತು ಬರೆದ,
ನಿಮ್ಮ ಮನೆಯವಳು