ಅತ್ತರೆ ಸಾಕೇ?

ಗೆಳತಿ,

ನೀನು ಸತ್ತ ಮೇಲೆ ಬರೆಯುತ್ತಿದ್ದೇನೆ, ನಗಬೇಡ. ಇವತ್ತು ಮೊಮ್ಮಗಳು ಗುಲಾಮರ ಕಾಲದ ಹಳೆಯ ಕಾದಂಬರಿಯೊಂದನ್ನು ಓದಿ ಹೇಳಿದಳು. ಬಿಳಿಯ ಧಣಿಯ ಮಗಳಿಗೂ ಕರಿಯ ಗುಲಾಮಳ ಮಗಳಿಗೂ ಜೀವದ ಗೆಳೆತನ. ಧಣಿ ಆ ಕರಿಯ ಹುಡುಗಿಯನ್ನು ಮಾರಿದ ದಿನ ಧಣಿಯ ಮಗಳು ಕಿಟಕಿಯಲ್ಲಿ ನಿಂತು ಅತ್ತಳಂತೆ.

"ಎಂಥ ಸ್ನೇಹ ಅಲ್ವಾ ಅಜ್ಜೀ!"

"ಮಣ್ಣಂಗಟ್ಟಿ! ಅತ್ತು ಏನು ಕಡಿದು ಗುಡ್ಡೆ ಹಾಕಿದ್ಲು? ಒಯ್ಯೋ ಗಾಡಿಗೆ ಅಡ್ಡ ನಿಂತ್ಲಾ?" ಎಂದೆ.

"ಅಯ್ಯೋ, ಅವಳಿಗಿನ್ನೂ ಎಂಟು ವರ್ಷ ಅಜ್ಜೀ!"

ನಾನೂ ನೀನೂ ಒಂದೇ ತಟ್ಟೆಯಲ್ಲಿ ಉಂಡೆವೆಂದು ನಿಮ್ಮಪ್ಪ, ನಿಮ್ಮ ಮನೆಯ ಪಾತ್ರೆ ತಿಕ್ಕುತ್ತಿದ್ದ ನನ್ನ ಅವ್ವನನ್ನು ಹೊರಗಟ್ಟಿದಾಗ ನೀನೂ ಕಿಟಕಿಯಲ್ಲಿ ನಿಂತು ಅತ್ತಿದ್ದೆ. ನಿನಗೂ ಆಗ ಅಷ್ಟೇ ವಯಸ್ಸು. ನೀನು ಹಾಸಿಗೆ ಹಿಡಿದು ಹೇಳಿ ಕಳಿಸಿದಾಗಲೂ ನಾನು ಬರಲಿಲ್ಲ. ಇಷ್ಟು ವರ್ಷ ನಾನು ಬೈಯುತ್ತ ಬಂದದ್ದು ಯಾರೋ ದೊಡ್ಡ ಹೆಂಗಸನ್ನು ಕಣೇ.