ಅಮ್ಮನ ಟ್ಯಾಬ್‌ನಿಂದ ಹೋದ ಮೇಲ್

ಕನ್ನಡಕದ ಅಂಗಡಿಯಿಂದ,
ಹನ್ನೊಂದನೇ ತಾರೀಖು, ಬುಧವಾರ, ಗಿರಾಕಿಗಳು ಬರುವ ಮುಂಚೆ

ನನ್ನ ಗಂಟುಮೋರೆ ತಮ್ಮನಿಗೆ,

ಹೇಗಿದ್ದೀಯೋ? ಕೈ ನಡುಗುವುದು ಪೂರ್ತಿ ನಿಂತಿತಾ? ಹೋದ ಪತ್ರದಲ್ಲಿ ನಿನ್ನ ಅಕ್ಷರಗಳು ಸಾಲು ಬಿಟ್ಟು ಜಾರದೆ ನೆಟ್ಟಗೆ ನಿಂತಿದ್ದವು. ಅದನ್ನು ನೋಡಿ ಸಂತೋಷ ತಡೆಯಲಾಗದೆ ನಿನ್ನ ಭಾವನಿಗೆ ಎರಡೆರಡು ಸಲ ತೋರಿಸಿದೆ. ಊಟ ಸೇರುತ್ತಿದೆಯಾ? ನಿದ್ದೆ ಬರುತ್ತಿದೆಯಾ? ಪಕ್ಕದ ಮಂಚದ ಬಸ್ ಡ್ರೈವರ್ ಗೊರಕೆಯಲ್ಲೂ ಗೇರ್ ಬದಲಾಯಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಒಬ್ಬಳೇ ನಕ್ಕೆ. ನಿನಗೆ ತಮಾಷೆ ಮಾಡುವ ಬುದ್ಧಿ ವಾಪಸ್ ಬಂದಿದೆ ಎಂದರೆ ಅರ್ಧ ಗೆದ್ದ ಹಾಗೆ. ಕುಡಿತ ಬಿಡಿಸುವ ಆ ಕೇಂದ್ರಕ್ಕೆ ನೀನು ಸೇರಿ ಇವತ್ತಿಗೆ ಎಂಬತ್ತೊಂದು ದಿನ. ಇನ್ನು ಒಂಬತ್ತೇ. ನಾನೂ ಇಲ್ಲಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೇನೆ.

ಒಂದು ಮಾತು. ನೀನು ಇದನ್ನು ಓದುವಾಗ ಕೌನ್ಸೆಲರ್ ಮೇಡಂ ನಿನ್ನ ಪಕ್ಕದಲ್ಲಿ ಕೂತಿರುತ್ತಾರೆ. ಹಾಗೆ ಮಾಡಿ ಎಂದು ಫೋನ್ ಮಾಡಿ ಕೇಳಿಕೊಂಡವಳು ನಾನೇ. ದಯವಿಟ್ಟು ಅವರನ್ನು ಎಬ್ಬಿಸಿ ಕಳಿಸಬೇಡ. ಕೊನೆಯವರೆಗೂ ಕೂತಿರಲಿ.

ಮನೆಯ ಸಮಾಚಾರ ಅಂಥದ್ದೇನಿಲ್ಲ. ನಿನ್ನ ಭಾವನ ಮಂಡಿ ನೋವು ಹಾಗೇ ಇದೆ, ಅವರ ಜಂಬವೂ ಹಾಗೇ ಇದೆ. ನಮ್ಮ ಕಟ್ಟಡದ ಲಿಫ್ಟು ನೀನು ಹೋದ ಮೇಲೆ ಮೂರು ಸಲ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಈಗ ಬರುವ ಮೆಕ್ಯಾನಿಕ್ ಬಾಗಿಲಿಗೆ ಎರಡು ಒದೆ ಕೊಟ್ಟು, ಹೋಯ್ತು ಬಿಡಿ ಎನ್ನುತ್ತಾನೆ. ನಿನ್ನ ಹಾಗೆ ಕಿವಿ ಇಟ್ಟು ಹಗ್ಗದ ಸದ್ದು ಕೇಳುವ ತಾಳ್ಮೆ ಅವನಿಗೆಲ್ಲಿ? ಮೂರನೇ ಮಹಡಿಯ ಅಜ್ಜಿ ದಿನಾ ಕೇಳುತ್ತಾರೆ, ನಮ್ಮ ಲಿಫ್ಟಿನವನು ಯಾವಾಗ ಬರ್ತಾನೆ ಅಂತ. ಊರಿಗೆ ಹೋಗಿದ್ದಾನೆ ಎಂದಿದ್ದೇನೆ. ಅವರು ನಂಬಿಲ್ಲ, ಆದರೂ ತಲೆಯಾಡಿಸುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಇವತ್ತು ಮಾತ್ರ ಬಂದರೆ ಚೆನ್ನಾಗಿತ್ತು ಅನ್ನಿಸುತ್ತಿದೆ.

ಹದಿನೈದು ದಿನದ ಹಿಂದೆ ಮೇಡಂ ಫೋನ್ ಮಾಡಿದ್ದರು. ಕುಡಿಯದೇ ಇದ್ದಾಗ ಹೇಗಿದ್ದೆ ಎಂದು ನಿನಗೇ ತೋರಿಸಲು ಏನಾದರೂ ಇದ್ದರೆ ಕಳಿಸಿ ಎಂದರು. ಫೋಟೋಗಳಲ್ಲಿ ನೀನು ಯಾವಾಗಲೂ ಮುಖ ಗಂಟು ಹಾಕಿಕೊಂಡೇ ನಿಂತಿರುತ್ತೀಯ, ಅವು ಪ್ರಯೋಜನವಿಲ್ಲ. ಆಗ ನೆನಪಾಗಿದ್ದು ಅಮ್ಮನ ಟ್ಯಾಬ್. ಅಮ್ಮನ ಕಿವಿ ಹೋದ ಮೇಲೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ ಎಂದು ನೀನೇ ತಂದುಕೊಟ್ಟು, ಮೇಲ್ ಮಾಡುವುದನ್ನು ಒಂದು ವಾರ ಕೂತು ಕಲಿಸಿದ್ದೆ. ಆಮೇಲೆ ಕೆಲಸದ ಜಾಗದಿಂದ ದಿನಾ ಮಧ್ಯಾಹ್ನ ಅವಳಿಗೆ ಒಂದೆರಡು ಸಾಲು ಬರೆಯುತ್ತಿದ್ದೆ. ಅಮ್ಮ ಅದನ್ನು ಓದಿ, ಸಂಜೆ ನಾನು ಬಂದಾಗ ನನಗೆ ಜೋರಾಗಿ ಓದಿ ಹೇಳುತ್ತಿದ್ದಳು, ಕಿವುಡಿ ನಾನೇ ಎನ್ನುವ ಹಾಗೆ.

ಆ ಟ್ಯಾಬ್ ನಾಲ್ಕು ವರ್ಷದಿಂದ ನನ್ನ ಬೀರುವಿನಲ್ಲಿ ಹೊದಿಕೆಗಳ ಕೆಳಗೆ ಬಿದ್ದಿತ್ತು. ತೆಗೆದು ಅಂಗಡಿಗೆ ತಂದು ಚಾರ್ಜಿಗೆ ಹಾಕಿದೆ. ಜೀವ ಬಂದ ಕೂಡಲೇ ಅದು ಕೇಳಿದ್ದು ಒಂದೇ, ಅಪ್‌ಡೇಟ್ ಮಾಡಲಾ ಅಂತ. ಹೂಂ ಎಂದು ಒತ್ತಿದೆ. ಮುಕ್ಕಾಲು ಗಂಟೆ ತಿರುಗಿತು, ಕಪ್ಪಾಯಿತು, ಮತ್ತೆ ಬೆಳಗಿತು. ಮೇಲ್ ತೆರೆದರೆ ಒಳಗೆ ಏನೂ ಇಲ್ಲ. ಖಾಲಿ. ಸ್ವಾಗತ ಎಂದು ಒಂದು ಚಿತ್ರ, ಅಷ್ಟೇ. ಅಮ್ಮ ಹೋದ ದಿನ ಅಳದವಳು, ಅವತ್ತು ಲೆನ್ಸ್ ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡು ಅತ್ತೆ. ನಿನ್ನ ಒಳ್ಳೆಯ ದಿನಗಳೆಲ್ಲ ಅದರಲ್ಲಿದ್ದವು. ನಾನೇ ಕೈಯಾರೆ ಕಳೆದುಬಿಟ್ಟೆ ಅನ್ನಿಸಿತು.

ಎದುರು ಸಾಲಿನಲ್ಲಿ ಫೋನು, ಟ್ಯಾಬು ರಿಪೇರಿ ಮಾಡುವ ಹೆಂಗಸು ಇದ್ದಾಳಲ್ಲ, ನೀನು ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದೆ, ಅವಳ ಹತ್ತಿರ ಓಡಿದೆ. ಅಪ್‌ಡೇಟ್ ಆಗುವ ಮುಂಚೆ ಟ್ಯಾಬ್ ತನ್ನದೇ ಒಂದು ಪ್ರತಿ ತೆಗೆದಿಟ್ಟುಕೊಂಡಿರುತ್ತೆ, ನೋಡೋಣ ಇರಿ, ಗಾಬರಿ ಬೇಡ ಎಂದಳು. ನಾಲ್ಕು ದಿನ ಬಿಟ್ಟು ಬರಹೇಳಿದಳು. ಆ ನಾಲ್ಕು ದಿನದಲ್ಲಿ ಎರಡು ಕನ್ನಡಕಕ್ಕೆ ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಟ್ಟಿದ್ದೇನೆ. ಒಬ್ಬರಂತೂ ಮೆಟ್ಟಿಲಲ್ಲಿ ಎಡವಿ ಬೈಯಲೆಂದೇ ವಾಪಸ್ ಬಂದರು.

ಐದನೇ ದಿನ ಹೋದಾಗ ಅವಳ ಮುಖ ಅರಳಿತ್ತು. ನಾನೂರ ಹದಿಮೂರು ಸಿಕ್ಕಿದೆ ಮೇಡಂ, ಡಿಲೀಟ್ ಆಗಿದ್ದನ್ನೂ ಬಿಟ್ಟಿಲ್ಲ ಎಂದಳು. ಅದರಲ್ಲಿ ನಾನೂರ ಹನ್ನೆರಡು ನಿನ್ನವು. ಅವಳ ಕೌಂಟರಿನ ಮುಂದೆ ನಿಂತೇ ಓದತೊಡಗಿದೆ. ‘ಅಮ್ಮಾ, ಆಸ್ಪತ್ರೆ ಲಿಫ್ಟಲ್ಲಿ ಒಂದು ಮಗು ಹುಟ್ಟೋದ್ರಲ್ಲಿತ್ತು, ನಾನು ಹ್ಯಾಂಡಲ್ ತಿರುಗಿಸಿ ಕೆಳಗಿಳಿಸಿದೆ, ಊಟ ಆಯ್ತಾ?’ ‘ಅಮ್ಮಾ, ಹನ್ನೆರಡನೇ ಮಹಡಿ ಮೇಲಿದೀನಿ, ನಮ್ಮನೆ ನೀರಿನ ಟ್ಯಾಂಕ್ ಕಾಣ್ತಿದೆ, ಕೈ ಬೀಸ್ತೀನಿ ನೋಡು.’ ‘ಅಮ್ಮಾ, ಹೆಡ್‌ಮಿಸ್ಸು ಬಂದ್ರೆ ನನ್ನ ರೂಂ ಬಾಗ್ಲು ಹಾಕಿಬಿಡು, ಗುಡಿಸಿಲ್ಲ.’ ಹೀಗೇ ನಾನೂರ ಹನ್ನೆರಡು. ಎಲ್ಲವನ್ನೂ ಪ್ರಿಂಟ್ ತೆಗೆಸಿ ನಿನಗೆ ಕಳಿಸಬೇಕೆಂದು ಲೆಕ್ಕ ಹಾಕುತ್ತಾ ನಿಂತಿದ್ದೆ.

ಅಷ್ಟರಲ್ಲಿ ಡಾಕ್ಟರಮ್ಮ ಟ್ಯಾಬನ್ನು ಅವಳ ಅಂಗಡಿಯ ನೆಟ್ಟಿಗೆ ಸೇರಿಸಿದಳು. ಸುಯ್ ಎಂದು ಒಂದು ಸದ್ದು. ಅವಳು ಖುಷಿಯಿಂದಲೇ ಹೇಳಿದಳು, ಇವಲ್ದೆ ಒಂದು ಹಳೇ ಮೇಲ್ ಔಟ್‌ಬಾಕ್ಸಲ್ಲಿ ಸಿಕ್ಕಿಹಾಕ್ಕೊಂಡಿತ್ತು ಮೇಡಂ, ಅದೂ ಈಗ ಹೋಯ್ತು ನೋಡಿ ಎಂದು.

ಅದು ನಾನು ನಿನಗೆ ಬರೆದದ್ದು. ಅಮ್ಮ ಹೋದ ನಾಲ್ಕನೇ ದಿನ, ನೀವಿಬ್ಬರೂ ಇದ್ದ ಮನೆಯಲ್ಲಿ ಅವಳ ಮಂಚದ ಮೇಲೆ ಕೂತು, ಅವಳ ಟ್ಯಾಬಿನಲ್ಲಿ ಬರೆದದ್ದು. ಮೂರು ದೊಡ್ಡ ಫೋಟೋ ಸೇರಿಸಿದ್ದೆ, ಭಾರವಾಗಿ ಹೋಗಲಿಲ್ಲ. ಗುಂಡಿ ಒತ್ತಿ ಒತ್ತಿ ಸಾಕಾಗಿ ಟ್ಯಾಬ್ ಆರಿಸಿಟ್ಟೆ. ಆಮೇಲೆ ಸಿಟ್ಟು ಇಳಿಯಿತು. ಹೋಗದೇ ಇದ್ದದ್ದೇ ಒಳ್ಳೆಯದಾಯಿತು ಅಂದುಕೊಂಡು ಮರೆತೆ. ಅದು ಮರೆತಿರಲಿಲ್ಲ. ಆರಿದ ಟ್ಯಾಬಿನೊಳಗೆ ನಾಲ್ಕು ವರ್ಷ ಕಾದುಕೊಂಡೇ ಇತ್ತು.

ಎಲ್ಲಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ಸಿಟ್ಟಿನಲ್ಲಿ ನಾನು ಯಾರ ಮೇಲ್ ಖಾತೆಯಿಂದ ಬರೆಯುತ್ತಿದ್ದೇನೆ ಎಂದು ನೋಡಿರಲಿಲ್ಲ. ಕೆಳಗೆ ಹೆಸರೂ ಹಾಕಿರಲಿಲ್ಲ. ಅದು ನಿನಗೆ ಅಮ್ಮನ ಹೆಸರಿನಲ್ಲಿ ಬರುತ್ತದೆ. ಇಪ್ಪತ್ತನೇ ತಾರೀಖು ಶುಕ್ರವಾರ ನೀನು ಹೊರಡುವಾಗ, ಅವರು ತೆಗೆದಿಟ್ಟುಕೊಂಡ ನಿನ್ನ ಫೋನನ್ನು ಗೇಟಿನಲ್ಲಿ ನಿನ್ನ ಕೈಗೆ ಕೊಡುತ್ತಾರೆ, ನೀನು ತೆರೆಯುತ್ತೀಯ, ಮೊದಲು ಕಾಣುವುದು ಅಮ್ಮ ಎನ್ನುವ ಹೆಸರು.

ವಾಪಸ್ ತೆಗೆಯಲು ಆಗುವುದಿಲ್ಲವಂತೆ. ಡಾಕ್ಟರಮ್ಮನನ್ನು ಕಾಡಿ ಬೇಡಿದೆ, ಪಾಪ ಅವಳೇ ಅಳುವ ಹಾಗಾದಳು. ನಿನ್ನ ಪಾಸ್‌ವರ್ಡ್ ಊಹಿಸಿ ನೀನೇ ಎನ್ನುವ ಹಾಗೆ ನಿನ್ನ ಮೇಲ್ ಒಳಗೆ ಹೋಗಲು ನೋಡಿದೆ. ಮೂರು ಸಲ ತಪ್ಪಾಗಿ ಬೀಗ ಬಿತ್ತು. ಕೊನೆಗೆ ಮೇಡಂಗೆ ಫೋನ್ ಮಾಡಿ, ಅವನ ಫೋನ್ ಕೊಡಬೇಡಿ ಎಂದೆ. ಅದು ಅವನ ವಸ್ತು, ಇಟ್ಟುಕೊಳ್ಳಲು ನಮಗೆ ಹಕ್ಕಿಲ್ಲ ಎಂದರು. ನೀವೇ ತೆರೆದು ಅಳಿಸಿಬಿಡಿ ಎಂದೆ. ಅದಕ್ಕೆ ಅವರು ಹೇಳಿದರು, ಅಳಿಸೋದ್ ಬಿಡಿ, ಅವರಿಗೆ ಮೊದಲೇ ಹೇಳಿಬಿಡಿ, ಕಾಗದದಲ್ಲಿ ಬರೀರಿ, ನಾನು ಪಕ್ಕದಲ್ಲಿ ಕೂತಿರ್ತೀನಿ.

ಅದಕ್ಕೇ ಬರೆಯುತ್ತಿದ್ದೇನೆ. ಆ ಮೇಲ್‌ನಲ್ಲಿ ಇರುವುದು ಇಷ್ಟು. ನೀನು ಕುಡಿದು ಪಕ್ಕದ ಕೋಣೆಯಲ್ಲಿ ಬಿದ್ದಿದ್ದೆ, ಅಮ್ಮ ಲೋಟದಿಂದ ಗೋಡೆ ಬಡಿದೂ ಬಡಿದೂ ಸತ್ತಳು ಎಂದು ಬರೆದಿದ್ದೇನೆ. ಫೋಟೋಗಳು ಆ ಲೋಟದ್ದು, ಗೋಡೆಯದ್ದು, ನಿನ್ನ ಮುಚ್ಚಿದ ಬಾಗಿಲಿನದ್ದು. ಕೊನೆಯ ಸಾಲಿನಲ್ಲಿ, ಅವಳ ಬದಲು ನೀನು ಹೋಗಬೇಕಿತ್ತು, ಈಗಲಾದರೂ ಹೋಗು ಎಂದಿದೆ. ಇದನ್ನು ನಾನು ಬರೆದೆ. ಅಮ್ಮನಲ್ಲ, ನಾನು. ಅಮ್ಮ ನಿನ್ನನ್ನು ಗಂಟುಮೋರೆ ಎಂದು ಬೈದದ್ದೇ ಹೆಚ್ಚು.

ಆ ಲೋಟದ ಮಾತೂ ಕೇಳು. ಮಧ್ಯಾಹ್ನ ಏನೋ ಟಕ್ ಟಕ್ ಅಂತಿತ್ತು ಎಂದು ಕೆಳಗಿನ ಮನೆಯವರು ಹೇಳಿದ್ದರು. ನಾನು ಎಂದಿನ ಹಾಗೆ ಅಂಗಡಿ ಮುಚ್ಚಿ ಐದೂಮುಕ್ಕಾಲಿಗೆ ಬಂದಾಗ ಲೋಟ ನೆಲದ ಮೇಲಿತ್ತು. ಎರಡನ್ನೂ ಸೇರಿಸಿ ಕಥೆ ಕಟ್ಟಿದೆ. ಆ ಸದ್ದು ಅಮ್ಮನದೋ, ಬೇರೆ ಯಾರದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಣ್ಣಾರೆ ಕಂಡವಳ ಹಾಗೆ ಬರೆದೆ.

ಆ ಮೇಲ್ ತೆರೆಯಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀನು ಕೇಳುವವನಲ್ಲ, ಚಿಕ್ಕಂದಿನಲ್ಲಿ ಮುಟ್ಟಬೇಡ ಎಂದ ಗಡಿಯಾರವನ್ನೇ ಮೊದಲು ಬಿಚ್ಚಿದವನು. ಒಬ್ಬನೇ ತೆರೆಯಬೇಡ, ಅಷ್ಟು ಮಾತ್ರ ಕೇಳಿಕೊಳ್ಳುತ್ತೇನೆ. ತೊಂಬತ್ತು ದಿನ ಹಲ್ಲು ಕಚ್ಚಿ ಗೆದ್ದುಕೊಂಡಿದ್ದನ್ನು ನನ್ನ ಹಳೇ ನಾಲಿಗೆಗೆ ಬಲಿ ಕೊಡಬೇಡ. ಬೈಯುವುದಿದ್ದರೆ ನನ್ನ ಮುಖಕ್ಕೆ ಬೈ. ಹೊಡೆಯಬೇಕು ಅನ್ನಿಸಿದರೆ ಹೊಡೆ. ಆ ರಸ್ತೆಯ ತುದಿಯ ಬ್ರಾಂಡಿ ಅಂಗಡಿಗೆ ಮಾತ್ರ ಹೋಗಬೇಡ ಕಣೋ.

ನಿನ್ನ ಮೇಲ್‌ಗಳಲ್ಲಿ ನಲವತ್ತನ್ನು ಆರಿಸಿ ಪ್ರಿಂಟ್ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಕಪ್ಪು ಪಟ್ಟಿ ಹಾಕಿ ಕಟ್ಟಿದ ಕಟ್ಟು. ಮೊದಲು ಅದನ್ನು ಓದು. ನಿನ್ನ ಭಾವ ಕೇಳಿದ್ದಾರೆ. ಮೂರನೇ ಮಹಡಿಯ ಅಜ್ಜಿ ಕೇಳಿದ್ದಾರೆ. ಒಳ್ಳೆಯದಾಗಲಿ ಎಂದು ಹರಸುವ ಯೋಗ್ಯತೆ ನನಗಿದೆಯೋ ಇಲ್ಲವೋ, ದೊಡ್ಡವಳಾಗಿ ಹುಟ್ಟಿದ್ದಕ್ಕೆ ಹರಸುತ್ತೇನೆ.

ನಿನ್ನ
ಹೆಡ್‌ಮಿಸ್ಸು

ಲಕೋಟೆ ಅಂಟಿಸುವ ಮುಂಚೆ: ನಾನೂರ ಹದಿಮೂರು ಎಂದೆನಲ್ಲ, ಆ ಉಳಿದ ಒಂದು ಮೇಲ್‌ನ ವಿಷಯ ಹೇಳದೆ ಮುಗಿಸಿಬಿಡಬೇಕೆಂದಿದ್ದೆ. ಗೋಂದು ಹಚ್ಚಿ ಮತ್ತೆ ಬಿಚ್ಚಿದೆ. ಅದು ಅಮ್ಮ ನನಗೆ ಕಳಿಸಿದ್ದು, ಅವಳು ಹೋದ ದಿನ ಮೂರು ಗಂಟೆ ಹತ್ತು ನಿಮಿಷಕ್ಕೆ. ನನ್ನ ಫೋನಿನಿಂದಲೂ ಅವಳ ಟ್ಯಾಬಿನಿಂದಲೂ ನಾನೇ ಅಳಿಸಿದ್ದೆ. ಎಲ್ಲದರ ಜೊತೆ ಅದೂ ವಾಪಸ್ ಬಂತು. ಇದ್ದ ಹಾಗೇ ಬರೆಯುತ್ತೇನೆ. ‘ಎದೆ ಹಿಡಕೊಂಡ ಹಾಗಾಗ್ತಿದೆ. ಗಂಟುಮೋರೆ ಎರಡು ಶಿಫ್ಟ್ ಮುಗಿಸಿ ಈಗಷ್ಟೇ ಬಂದು ಮಲಗಿದಾನೆ, ಕುಡಿದಿಲ್ಲ ಇವತ್ತು, ಪಾಪ, ಸುಸ್ತಾಗಿದಾನೆ. ಅವನನ್ನ ಎಬ್ಬಿಸಲ್ಲ. ನೀನೇ ಬಂದುಬಿಡು. ಅವಸರ ಇಲ್ಲ.’ ನಾನು ಆಗಲೇ ಓದಿದೆ. ಒಬ್ಬರನ್ನು ಕೂರಿಸಿಕೊಂಡು ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದೆ. ಫೋನನ್ನು ಬೋರಲು ಹಾಕಿ ಕೆಲಸ ಮುಂದುವರಿಸಿದೆ. ಅವಸರ ಇಲ್ಲ ಎಂದಿದ್ದಾಳಲ್ಲ ಅಂದುಕೊಂಡೆ. ಹತ್ತು ನಿಮಿಷದ ದಾರಿ. ಎಂದಿನ ಹಾಗೆ ಐದೂಮುಕ್ಕಾಲಿಗೇ ಬಂದೆ.

ಅವತ್ತು ನಾನು ಕುಡಿದಿರಲಿಲ್ಲ ಅಕ್ಕಾ ಎಂದು ನೀನು ಎಷ್ಟು ಸಲ ಹೇಳಿದೆ. ಎಲ್ಲರ ಎದುರು, ಸಾಕು ಮುಚ್ಚು ಎಂದೆ. ಒಂದು ವರ್ಷ ಕಳೆಯುವಷ್ಟರಲ್ಲಿ ನೀನು ಹೇಳುವುದನ್ನೇ ಬಿಟ್ಟೆ. ಶನಿವಾರ ಮಾತ್ರ ಕುಡಿಯುತ್ತಿದ್ದವನು ದಿನಾ ಕುಡಿದೆ. ನಿನ್ನನ್ನು ಕೇಂದ್ರಕ್ಕೆ ಸೇರಿಸುವ ದಿನ ತುಂಬಿದ ಫಾರಂನಲ್ಲಿ ಕುಡಿತದಿಂದ ಕಳೆದುಕೊಂಡದ್ದು ಏನು ಎನ್ನುವ ಕಡೆ ನೀನು ನಡುಗುವ ಕೈಯಲ್ಲಿ ‘ಅಮ್ಮ’ ಎಂದು ಬರೆದೆ. ಅದರ ಕೆಳಗೆ ಸಹಿ ಹಾಕಿದವಳು ನಾನು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

ಅಮ್ಮನ ಆ ಮೇಲ್‌ನ ಪ್ರಿಂಟು ಕಟ್ಟಿನ ಕೆಳಗಿದೆ. ಈ ಸಲ ಅಳಿಸಿಲ್ಲ. ಶುಕ್ರವಾರ ಬೆಳಗ್ಗೆಯಿಂದ ಗೇಟಿನ ಹೊರಗೆ ನಿಂತಿರುತ್ತೇನೆ. ನೀನು ನನ್ನ ಜೊತೆ ಬರದಿದ್ದರೂ ಸರಿ, ಮೇಡಂ ಜೊತೆಗಾದರೂ ಹೊರಗೆ ಬಾ.